ರೈ ಹುಲ್ಲು ಎಂದರೆ ಯಾವ ಹುಲ್ಲು?

ಎಲ್ಲರಿಗೂ ನಮಸ್ಕಾರ.

ನ್ಯೂಜಿಲೆಂಡಿನ ಹೈನುಗಾರಿಕೆಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಹಸುಗಳು ಹೆಚ್ಚಾಗಿ ಬಯಲಿನಲ್ಲೇ ಮೇಯುತ್ತವೆ. ಆ ಬಯಲುಗಳಲ್ಲಿ ಬಿತ್ತಿ ಬೆಳೆಸುವ ಮುಖ್ಯ ಮೇವು ರೈಗ್ರಾಸ್, ಜೊತೆಗೆ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವು. ನಾನು ಎಡವಿದ್ದು ಈ ರೈಗ್ರಾಸಿನಲ್ಲಿ.

ಮೊದಲ ಕರಡಿನಲ್ಲಿ ‘ರೈ ಹುಲ್ಲು’ ಎಂದು ಬರೆದೆ. ರೈ ಎಂದರೆ ಗೋಧಿಯಂಥ ಒಂದು ಧಾನ್ಯ. ಊರಿನಲ್ಲಿ ಹಸು ಸಾಕಿರುವ ಅಣ್ಣ ಅದನ್ನು ಓದಿ, “ಕಾಳು ಒಕ್ಕಿದ ಮೇಲೆ ಉಳಿದದ್ದನ್ನು ಹಾಕಿ ಅಷ್ಟು ಹಾಲು ಕರೆಯುತ್ತಾರೆಯೇ?” ಎಂದು ಕೇಳಿದ. ತಪ್ಪು ಅವನದಲ್ಲ. ರಾಗಿ ಹುಲ್ಲು, ಭತ್ತದ ಹುಲ್ಲು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಬಣವೆ. ಧಾನ್ಯದ ಹೆಸರಿನ ಪಕ್ಕದಲ್ಲಿ ಕುಳಿತ ಕೂಡಲೇ ‘ಹುಲ್ಲು’ ಒಣಗಿಬಿಡುತ್ತದೆ! ನೇಪಿಯರ್ ಹುಲ್ಲಿಗೆ, ಗಿನಿ ಹುಲ್ಲಿಗೆ ಈ ತೊಂದರೆ ಇಲ್ಲ; ಅಲ್ಲಿ ಮುಂದಿರುವುದು ಕಾಳಿನ ಹೆಸರಲ್ಲ. (ಮಂಗಳೂರಿನ ಗೆಳೆಯರೊಬ್ಬರಿಗೆ ಇದು ಯಾವುದೋ ರೈಗಳ ಮನೆಯ ಹುಲ್ಲಿನಂತೆ ಕೇಳಿಸಿತಂತೆ. ಅದು ಬೇರೆ ಕಥೆ.)

ವಾಸ್ತವವಾಗಿ ರೈಗ್ರಾಸಿಗೂ ರೊಟ್ಟಿಯ ಹಿಟ್ಟಾಗುವ ರೈ ಧಾನ್ಯಕ್ಕೂ ಹತ್ತಿರದ ಸಂಬಂಧವಿಲ್ಲ. ಧಾನ್ಯದ್ದು ಸೆಕೇಲ್ ಕುಲ, ಮೇವಿನದು ಲೋಲಿಯಮ್ ಕುಲ. 17ನೇ ಶತಮಾನದ ಇಂಗ್ಲಿಷಿನಲ್ಲಿ ಇದು ‘ರೇ ಗ್ರಾಸ್’. ಫ್ರೆಂಚರು ಇಂದಿಗೂ ಹಾಗೆಯೇ ಬರೆಯುತ್ತಾರೆ. ಇಂಗ್ಲಿಷರ ಬಾಯಲ್ಲಿ ಮಾತ್ರ ‘ರೇ’ ಪರಿಚಿತ ಧಾನ್ಯದತ್ತ ವಾಲಿ ‘ರೈ’ ಆಯಿತು. ಅವರ ತಪ್ಪನ್ನು ನಾವು ಅನುವಾದಿಸಿ ಗಟ್ಟಿಮಾಡಬೇಕೇ?

ಹಾಗೆಂದು ‘ರೈಗ್ರಾಸ್’ ಎಂದೇ ಬಿಟ್ಟರೆ ಇನ್ನೊಂದು ತಮಾಷೆ. ಗೋಗ್ರಾಸದ ‘ಗ್ರಾಸ’ ನಮ್ಮಲ್ಲಿ ಮೊದಲೇ ಇದೆ. ಅದು ‘ನುಂಗು’ ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ತುತ್ತು. ಇಂಗ್ಲಿಷಿನ ‘ಗ್ರಾಸ್’ ಬೆಳೆಯುವುದಕ್ಕೆ, ಹಸಿರಿಗೆ ಸೇರಿದ ಬಳಗದ್ದು. ನಂಟಿಲ್ಲ, ಆದರೂ ಮೇವಿನ ಹೆಸರಿಗೆ ಈ ಹೋಲಿಕೆ ಅನುಕೂಲವೇ. ಸದ್ಯಕ್ಕೆ ನನ್ನ ಒಲವು ಒಂದೇ ಪದವಾಗಿ ಬರೆದ ‘ರೈಗ್ರಾಸ್’ ಕಡೆಗೆ.

ಅಚ್ಚಗನ್ನಡ ಬೇಕೆನ್ನುವವರಿಗೆ ಒಂದು ಸುಳಿವು. ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ವೈರಿಯೊಬ್ಬ ರಾತ್ರಿ ಬಂದು ಗೋಧಿಯ ನಡುವೆ ಕಳೆ ಬಿತ್ತಿ ಹೋಗುತ್ತಾನೆ. ಅದು ಲೋಲಿಯಮ್ ಕುಲದ್ದೇ ಇನ್ನೊಂದು ಹುಲ್ಲು ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಶಿಲೀಂಧ್ರ ಸೇರಿದ ಅದರ ಕಾಳು ತಿಂದವರಿಗೆ ಅಮಲೇರಿದಂತಾಗುತ್ತದೆ. ಅದರ ಲ್ಯಾಟಿನ್ ಹೆಸರಿನಲ್ಲಿರುವ ‘ಟೆಮುಲೆಂಟಮ್’ ಎಂದರೆ ಕುಡಿದು ಮತ್ತನಾದ ಎಂದೇ. ಕನ್ನಡ ಬೈಬಲಿನಲ್ಲಿ ಅದಕ್ಕೆ ‘ಹಣಜಿ’ ಎಂಬ ಪದವಿದೆ. ವಿಚಿತ್ರವೆಂದರೆ, ಮೇವಿನ ರೈಗ್ರಾಸಿನೊಳಗೂ ಅಂಥ ಶಿಲೀಂಧ್ರ ಇರುವುದುಂಟು. ನ್ಯೂಜಿಲೆಂಡಿನಲ್ಲಿ ಅದನ್ನು ಮೇಯ್ದ ಕುರಿಗಳು ನಡುಗಿ ತೂರಾಡುತ್ತವೆ. ಆ ರೋಗಕ್ಕೆ ‘ತೂರಾಟ’ ಎಂದು ಬರೆದಿದ್ದೇನೆ. ಆದರೆ ಮೇವಿಗೇ ‘ಹಣಜಿ’ ಎಂದು ಹೆಸರಿಟ್ಟರೆ, ವೈರಿ ಬಿತ್ತಿದ್ದನ್ನು ದುಡ್ಡು ಕೊಟ್ಟು ತಂದು ಬಿತ್ತುವ ರೈತ ಯಾರು?

ಕೇಳಬೇಕಾದದ್ದು ಎರಡು. ನಿಮ್ಮ ಕಡೆ ಹಣಜಿ ಎಂಬ ಮಾತು ಬಳಕೆಯಲ್ಲಿದೆಯೇ, ಇದ್ದರೆ ಯಾವ ಕಳೆಗೆ? ಇನ್ನೊಂದು, ಕೊಯ್ದ ಮೇಲೆ ರೈಗ್ರಾಸ್ ಮತ್ತೆ ಮತ್ತೆ ಚಿಗುರುತ್ತದೆ. ಕಬ್ಬಿಗೆ ಹೇಳುವ ‘ಕೂಳೆ’ಯನ್ನು ಮೇವಿನ ಹುಲ್ಲಿಗೂ ಹೇಳುವುದನ್ನು ಯಾರಾದರೂ ಕೇಳಿದ್ದೀರಾ?