ಅಪ್‌ಡೇಟ್: ಎಕ್ಸ್‌-ರೇ ನಾರ್ಮಲ್, ಮಂಡಿನೋವು ಹಾಗೇ ಇದೆ, ಎಂಆರ್‌ಐ ಬೇಕಾ?

ಬೇಕು. ಎಕ್ಸ್‌-ರೇಯಲ್ಲಿ ಕಾರ್ಟಿಲೇಜ್ (ಮೂಳೆ ತುದಿಗಳ ಮೇಲಿನ ನುಣುಪಾದ ಹೊದಿಕೆ) ಕಾಣಿಸೋದೇ ಇಲ್ಲ. ಕಾಣೋದು ಮೂಳೆಗಳ ನಡುವಿನ ಸಂದು, ಅದನ್ನೂ ನಿಲ್ಲಿಸಿ ತೆಗೆದಿದ್ದರೆ ಮಾತ್ರ ನಂಬಬಹುದು. ಮಲಗಿಸಿ ತೆಗೆದರೆ ಸವೆದ ಸಂದೂ ಅಗಲವಾಗಿ ಕಾಣಬಹುದು.

ಎಂಆರ್‌ಐನಲ್ಲಿ ಮೊದಲು ನೋಡಬೇಕಾದ್ದು ಫ್ಯಾಟ್ ಸಪ್ರೆಸ್ಡ್ ಪ್ರೋಟಾನ್ ಡೆನ್ಸಿಟಿ ಚಿತ್ರಗಳು (ಕೊಬ್ಬಿನ ಹೊಳಪು ಅಡಗಿಸಿ ತೆಗೆಯೋ ಒಂದು ಬಗೆ), ಸ್ಲೈಸ್ ಅಂದರೆ ಒಂದೊಂದು ಚಿತ್ರದ ಪದರದ ದಪ್ಪ 3 ಮಿ.ಮೀ. ಮೀರದಿದ್ದರೆ ಒಳ್ಳೇದು. ಅದರಲ್ಲಿ ಕಾರ್ಟಿಲೇಜ್ ಬೂದು, ಕೀಲಿನ ನೀರು ಬಿಳಿ. ಬೂದು ಪಟ್ಟಿಯೊಳಗೆ ಬಿಳಿ ಗೆರೆ ಇಳಿದಿದ್ದರೆ ಅದು ಬಿರುಕು. ಕಾರ್ಟಿಲೇಜ್ ಹಾನಿ ಅಳೆಯೋ ಮಾಡಿಫೈಡ್ ಔಟರ್‌ಬ್ರಿಜ್ ಲೆಕ್ಕದಲ್ಲಿ ಬಿರುಕು ಅರ್ಧ ದಪ್ಪದೊಳಗಿದ್ದರೆ ಗ್ರೇಡ್ 2, ಅರ್ಧ ದಾಟಿದರೆ 3, ಮೂಳೆ ಬಯಲಾಗಿದ್ದರೆ 4. ಕೆಳಗಿನ ಮೂಳೆಯೂ ಬೆಳ್ಳಗಿದ್ದರೆ ಅನುಮಾನ ಗಟ್ಟಿ.

ಆದರೆ ಬೆಳ್ಳಗಿದ್ದದ್ದೆಲ್ಲ ಗಾಯವಲ್ಲ: ಮುಖ್ಯ ಅಯಸ್ಕಾಂತ ಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದ ಕಡೆ, ಟಿಇ (ಎಕೋ ಟೈಮ್, ಸ್ಕ್ಯಾನರ್ ಸಂಕೇತ ಹಿಡಿಯೋ ಮೊದಲು ಕಾಯೋ ಸಮಯ) ಕಡಿಮೆ ಇದ್ದರೆ, ಆರೋಗ್ಯವಾಗಿರೋ ಕಾರ್ಟಿಲೇಜೂ ಹೊಳೆಯುತ್ತೆ. ಟಿಇ ಹೆಚ್ಚಿರೋ ಟಿ2 ಚಿತ್ರದಲ್ಲಿ ತಾಳೆ ನೋಡಿ.