ಸಿಸೇರಿಯನ್ ಅಂದರೆ ‘ಯಾಕೆ’ ಅಂತ ಕೇಳಬಹುದಾ?

ಪ್ರಶ್ನೆ: ಮೇಡಂ, ನನಗೀಗ ಏಳು ತಿಂಗಳು, ಚೊಚ್ಚಲು. ನಮ್ಮಕ್ಕನಿಗೂ ಓರಗಿತ್ತಿಗೂ ಪ್ರೈವೇಟ್ ಆಸ್ಪತ್ರೆಯಲ್ಲಿ ಸಿಸೇರಿಯನ್ನೇ ಆಯ್ತು. ‘ದುಡ್ಡಿಗಾಗಿ ಕೊಯ್ತಾರೆ’ ಅಂತಾರೆ ಅತ್ತೆ. ನಿಜಾನಾ?

ಪ್ರಸೂತಿ ತಜ್ಞೆಯ ಉತ್ತರ: ಅತ್ತೆಯವರ ಅನುಮಾನವನ್ನು ಸುಮ್ಮನೆ ತಳ್ಳಿಹಾಕಲಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 14.3 ಸಿಸೇರಿಯನ್, ಖಾಸಗಿಯಲ್ಲಿ ಶೇ 47.4. ಕರ್ನಾಟಕದ ಒಟ್ಟು ಲೆಕ್ಕ ಶೇ 31.5. ಅದರ ಹಿಂದಿನ ಸಮೀಕ್ಷೆಯಲ್ಲಿ 23.6 ಇತ್ತು. ನಾಲ್ಕೈದು ವರ್ಷದಲ್ಲಿ ಹೆಂಗಸರ ಮೈಕಟ್ಟು ಅಷ್ಟು ಬದಲಾಗುವುದಿಲ್ಲವಲ್ಲ.

ಹಾಗಂತ ದುಡ್ಡೊಂದೇ ಕಾರಣವಲ್ಲ. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆ ದಾಟಿಯೂ ಎಳೆಯಬಹುದು. ಅಷ್ಟು ಹೊತ್ತು ಪಕ್ಕದಲ್ಲಿದ್ದು ನೋಡಿಕೊಳ್ಳುವ ನರ್ಸ್, ನಡುರಾತ್ರಿ ಕರೆದರೆ ಬರುವ ಅರಿವಳಿಕೆ ವೈದ್ಯರು ಸಣ್ಣ ಆಸ್ಪತ್ರೆಗಳಲ್ಲಿ ಸಿಗುವುದು ಕಷ್ಟ. ಹಾಗಾಗಿ ಕತ್ತಲಾಗುವ ಮೊದಲೇ ಆಪರೇಷನ್ ಮುಗಿಸಿಬಿಡುವವರಿದ್ದಾರೆ. ಮುಹೂರ್ತ ಬರೆಸಿಕೊಂಡು ಬರುವ ಮನೆಯವರೂ ಇದ್ದಾರೆ.

ಕಸ (ಮಾಸು) ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ನೋವು ಶುರುವಾದ ಮೇಲೂ ಮಗು ಅಡ್ಡಲಾಗಿಯೇ ಇದ್ದರೆ, ಮಗುವಿನ ಎದೆಬಡಿತ ಇಳಿದು ಮತ್ತೆ ಏರದಿದ್ದರೆ ಸಿಸೇರಿಯನ್ನೇ ಜೀವ ಉಳಿಸುವುದು. ಆಗ ದಯವಿಟ್ಟು ತಡಮಾಡಬೇಡಿ. ಆದರೆ ‘ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ’ ಅನ್ನುವುದೊಂದೇ ಕಾರಣವಾದರೆ ಖಂಡಿತ ಪ್ರಶ್ನಿಸಿ; ಹಾಗೆ ಸುತ್ತಿಕೊಂಡೇ ಎಷ್ಟೋ ಮಕ್ಕಳು ನಾರ್ಮಲ್ ಆಗಿ ಹುಟ್ಟುತ್ತವೆ. ‘ಬಾಯಿ ತೆರೆದಿಲ್ಲ’ ಅಂದರೆ ಎಷ್ಟು ಸೆಂಟಿಮೀಟರ್ ಅಂತ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಹೆರಿಗೆ ಬಿರುಸಾಗುವ ಘಟ್ಟ ಶುರುವಾಗುವುದೇ 5 ಸೆಂ.ಮೀ.ಗೆ. ತಾಯಿ, ಮಗು ಚೆನ್ನಾಗಿದ್ದರೆ ಅಲ್ಲಿಯವರೆಗೆ ಕಾಯಬೇಕು. ಮೊದಲ ಹೆರಿಗೆಯಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಒಮ್ಮೆ ಕೊಯ್ದರೆ ಮುಂದಿನ ಸಲವೂ ಹೆಚ್ಚಿನವರಿಗೆ ಅದೇ ದಾರಿಯಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನನಗೆ ಮೊದಲನೆಯದು ಸಿಸೇರಿಯನ್. ಎರಡನೆಯದು ನಾರ್ಮಲ್ ಆಗೋದೇ ಇಲ್ವಾ ಹಾಗಾದ್ರೆ?

ಉತ್ತರ: ಆಗಬಹುದು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದು, ಬೇರೆ ತೊಡಕಿಲ್ಲದೆ ಪ್ರಯತ್ನಿಸಿದ ನೂರು ಜನರಲ್ಲಿ 60ರಿಂದ 80 ಮಂದಿಗೆ ನಾರ್ಮಲ್ ಆಗುತ್ತದೆ. ಗರ್ಭಕೋಶದ ಹಳೆಯ ಹೊಲಿಗೆ ಬಿಡುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಅದಕ್ಕೇ ತುರ್ತು ಆಪರೇಷನ್ ಮತ್ತು ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಪ್ರಯತ್ನಿಸಬೇಕು. ಹೊಟ್ಟೆಯ ಮೇಲಿನ ಗಾಯ ನೋಡಿ ಒಳಗೆ ಹೇಗೆ ಕೊಯ್ದಿದ್ದಾರೆಂದು ಹೇಳಲಾಗದು. ಮೊದಲ ಹೆರಿಗೆಯ ಡಿಸ್ಚಾರ್ಜ್ ಚೀಟಿ ಹುಡುಕಿ, ಮುಂದಿನ ಚೆಕಪ್‌ಗೆ ತೆಗೆದುಕೊಂಡು ಹೋಗಿ.