ಗೌರಿಬಿದನೂರಿನ ಸೌರ ರೇಡಿಯೊ ದತ್ತಾಂಶ: ಮುಕ್ತ ತಂತ್ರಾಂಶದಲ್ಲಿ ಕನ್ನಡ ನಕ್ಷೆ ಬಿಡಿಸುವುದು ಹೇಗೆ?

ಪ್ರಶ್ನೆ – ಭೌತಶಾಸ್ತ್ರ ಅಧ್ಯಾಪಕಿ, ಚಿಕ್ಕಬಳ್ಳಾಪುರ

ನಮ್ಮ ಪದವಿ ವಿದ್ಯಾರ್ಥಿಗಳ ಕಿರುಯೋಜನೆಗೆ ಗೌರಿಬಿದನೂರು ರೇಡಿಯೊ ವೀಕ್ಷಣಾಲಯದ ಕ್ಯಾಲಿಸ್ಟೊ ರೋಹಿತಮಾಪಕದ (ಸೂರ್ಯನ ರೇಡಿಯೊ ಅಲೆಗಳನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಅಳೆಯುವ ಉಪಕರಣ) ದತ್ತಾಂಶವನ್ನು ಆಯ್ದುಕೊಂಡಿದ್ದೇವೆ. ಇಂತಹ ಉಪಕರಣಗಳ ಇ-ಕ್ಯಾಲಿಸ್ಟೊ ಜಾಲದಲ್ಲಿ ಅದು ಎಲ್ಲರಿಗೂ ಮುಕ್ತವಾಗಿದ್ದು, ಹದಿನೈದು ನಿಮಿಷಕ್ಕೆ ಒಂದರಂತೆ ಫಿಟ್ಸ್ (ಖಗೋಳ ದತ್ತಾಂಶದ ರೂಪ) ಕಡತಗಳು ಸಿಗುತ್ತವೆ. ಕಡತವನ್ನು ಪೈಥಾನ್ ಭಾಷೆಯ ಆಸ್ಟ್ರೋಪೈ ತಂತ್ರಾಂಶದ ಮೂಲಕ ಓದಿ, ಅದೇ ಭಾಷೆಯ ಚಿತ್ರರಚನಾ ತಂತ್ರಾಂಶವಾದ ಮ್ಯಾಟ್‌ಪ್ಲಾಟ್‌ಲಿಬ್ 3.8ರಲ್ಲಿ ಚಿತ್ರ ಬಿಡಿಸಿದಾಗ ಎರಡು ತೊಡಕುಗಳು ಎದುರಾದವು. ಚಿತ್ರದ ತುಂಬ ಅಡ್ಡಪಟ್ಟೆಗಳೇ ಕಾಣುತ್ತವೆ, ಸೌರಸ್ಫೋಟದ ಗುರುತು ಅವುಗಳಲ್ಲಿ ಮುಳುಗಿಹೋಗುತ್ತದೆ. ಇನ್ನೊಂದು, ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೂ ‘ತೀವ್ರತೆ’, ‘ಆವೃತ್ತಿ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಪ್ರೌಢಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಈ ಚಿತ್ರಗಳನ್ನು ಒಯ್ಯಬೇಕಾಗಿರುವುದರಿಂದ ಇಂಗ್ಲಿಷ್ ಶೀರ್ಷಿಕೆಗಳಿಗೆ ಮರಳಲು ಮನಸ್ಸಿಲ್ಲ. ಪ್ರಯೋಗಾಲಯದ ಗಣಕಗಳಿಗೆ ಅಂತರಜಾಲ ಸಂಪರ್ಕವಿಲ್ಲ ಎಂಬುದನ್ನೂ ಗಮನಿಸಬೇಕೆಂದು ಕೋರುತ್ತೇನೆ.

ಉತ್ತರ – ಸಂಶೋಧನಾ ವಿದ್ಯಾರ್ಥಿ, ತುಮಕೂರು

ಅಡ್ಡಪಟ್ಟೆಗಳಿಗೆ ಸೂರ್ಯ ಕಾರಣನಲ್ಲ. ಪ್ರತಿ ಚಾನೆಲ್‌ನ (ಒಂದೊಂದು ಆವೃತ್ತಿಯ ಮಾಪನದ ಸಾಲು) ಗ್ರಹಣಶಕ್ತಿ ಬೇರೆ ಬೇರೆಯಾಗಿರುವುದು ಒಂದು ಕಾರಣವಾದರೆ, 88ರಿಂದ 108 ಮೆಗಾಹರ್ಟ್ಸ್ ನಡುವಿನ ಎಫ್‌ಎಂ ಪ್ರಸಾರದಂತಹ ಮಾನವನಿರ್ಮಿತ ಸಂಕೇತಗಳು ಇನ್ನೊಂದು. ಪ್ರತಿ ಚಾನೆಲ್‌ನ ಮಧ್ಯಾಂಕವನ್ನು ಪೈಥಾನ್‌ನ ಗಣಿತ ತಂತ್ರಾಂಶ ನಮ್‌ಪೈ ಮೂಲಕ ಲೆಕ್ಕಹಾಕಿ ಅದೇ ಸಾಲಿನಿಂದ ಕಳೆದರೆ ಬಹುಪಾಲು ಪಟ್ಟೆಗಳು ಅಳಿಸಿಹೋಗಿ, ಕೆಲವೇ ಸೆಕೆಂಡುಗಳಲ್ಲಿ ಹೆಚ್ಚಿನ ಆವೃತ್ತಿಯಿಂದ ಕಡಿಮೆ ಆವೃತ್ತಿಗೆ ಜಾರುವ ಮೂರನೇ ಬಗೆಯ ಸ್ಫೋಟಗಳು ನೆಟ್ಟಗಿನ ಗೆರೆಗಳಾಗಿ ಎದ್ದು ಕಾಣುತ್ತವೆ.

ಚಿತ್ರಕ್ಕೆ ಮ್ಯಾಟ್‌ಪ್ಲಾಟ್‌ಲಿಬ್‌ನ ಇಮ್‌ಶೋ ಆದೇಶ ಬಳಸಿದ್ದರೆ ಅದನ್ನು ಬಿಟ್ಟು ಪಿಕಲರ್‌ಮೆಶ್ ಬಳಸಿರಿ. ಕ್ಯಾಲಿಸ್ಟೊ ಚಾನೆಲ್‌ಗಳ ನಡುವಿನ ಅಂತರ ಸಮವಾಗಿರಲೇಬೇಕೆಂದಿಲ್ಲ. ನಿಜವಾದ ಆವೃತ್ತಿಗಳು ಕಡತದ ಎರಡನೇ ಭಾಗದ ಕೋಷ್ಟಕದಲ್ಲಿರುತ್ತವೆ, ಇಮ್‌ಶೋ ಅವನ್ನು ಕೇಳುವುದೇ ಇಲ್ಲ. ಬಣ್ಣಗಳಿಗೆ ಹಳೆಯ ‘ಜೆಟ್’ ಬೇಡ, ಇಲ್ಲದ ಅಂಚುಗಳನ್ನು ಅದು ಇರುವಂತೆ ತೋರಿಸುತ್ತದೆ. 2017ರ ಮ್ಯಾಟ್‌ಪ್ಲಾಟ್‌ಲಿಬ್ 2.0ರಿಂದ ಪೂರ್ವನಿಯೋಜಿತವಾಗಿರುವ ವಿರಿಡಿಸ್ ಸಾಕು. ಕಡತದ ವೇಳೆ ಯುಟಿ (ಜಾಗತಿಕ ವೇಳೆ) ಆಗಿರುವುದರಿಂದ ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಿ.

ಉತ್ತರ – ಮುಕ್ತ ತಂತ್ರಾಂಶ ಕೊಡುಗೆದಾರ, ಕೋಲಾರ

ಫಾಂಟಿನಲ್ಲಿ ದೋಷವಿಲ್ಲ. ಕನ್ನಡದ ಅಕ್ಷರಗಳನ್ನು ಜೋಡಿಸಿ ಒತ್ತು ಕೂರಿಸುವ ಕೆಲಸವನ್ನು ಹಾರ್ಫ್‌ಬಜ್‌ನಂತಹ ಪ್ರತ್ಯೇಕ ತಂತ್ರಾಂಶ ಗ್ರಂಥಾಲಯ ಮಾಡಬೇಕು. ನಿಮ್ಮಲ್ಲಿರುವ ಮ್ಯಾಟ್‌ಪ್ಲಾಟ್‌ಲಿಬ್ ಆ ನೆರವನ್ನು ಪಡೆಯದೆ ಒಂದೊಂದೇ ಅಕ್ಷರಸಂಕೇತವನ್ನು ಸಾಲಾಗಿ ಇಡುತ್ತದೆ. ಅಕ್ಷರ ಜೋಡಿಸುವ ರಾಕ್ಮ್ ಜೊತೆಗಿನ ಎಂಪಿಎಲ್‌ಕೈರೊ (ಮ್ಯಾಟ್‌ಪ್ಲಾಟ್‌ಲಿಬ್‌ಗೆ ಚಿತ್ರ ಬಿಡಿಸಿಕೊಡುವ ಬದಲಿ ತಂತ್ರಾಂಶ) ಬಳಸುವುದು ಒಂದು ದಾರಿ. ಅಂತರಜಾಲವಿಲ್ಲದ ಪ್ರಯೋಗಾಲಯಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ‘ಎಸ್‌ವಿಜಿ.ಫಾಂಟ್‌ಟೈಪ್’ ಆಯ್ಕೆಯನ್ನು ‘ನನ್’ (none) ಎಂದಿಟ್ಟು ಚಿತ್ರವನ್ನು ಎಸ್‌ವಿಜಿಯಾಗಿ (ರೇಖಾಚಿತ್ರದ ಕಡತರೂಪ) ಉಳಿಸಿದರೆ ಪಠ್ಯವು ಪಠ್ಯವಾಗಿಯೇ ಉಳಿಯುತ್ತದೆ, ಬ್ರೌಸರ್ ಅಥವಾ ಇಂಕ್‌ಸ್ಕೇಪ್ ಅದನ್ನು ಸರಿಯಾಗಿ ಜೋಡಿಸಿ ತೋರಿಸುತ್ತದೆ. ಆದರೆ 200 ಚಾನೆಲ್, ಸೆಕೆಂಡಿಗೆ ನಾಲ್ಕು ಮಾಪನ ಎಂದರೆ ಒಂದು ಕಡತದಲ್ಲಿ 7,20,000 ಚೌಕಗಳಾಗುತ್ತವೆ. ಅಷ್ಟನ್ನೂ ರೇಖಾಚಿತ್ರವಾಗಿ ಬರೆಸಿದರೆ ಹಳೆಯ ಗಣಕ ಉಸಿರುಗಟ್ಟುತ್ತದೆ; ಆದ್ದರಿಂದ ಪಿಕಲರ್‌ಮೆಶ್‌ಗೆ ಚೌಕಗಳನ್ನು ಒಂದೇ ಬಿಂದುಚಿತ್ರವಾಗಿಸುವ ‘ರಾಸ್ಟರೈಸ್ಡ್’ ಆಯ್ಕೆಯನ್ನು ಕೊಡುವುದನ್ನು ಮರೆಯಬಾರದು.

ಇಂತಹ ಅಡಚಣೆ ಕಂಡಾಗ ಚಿಕ್ಕ ಕೋಡ್ ತುಣುಕು, ಫಾಂಟಿನ ಹೆಸರು, ವರ್ಷನ್ ಸಂಖ್ಯೆ, ತಪ್ಪು ಹಾಗೂ ಸರಿ ರೂಪಗಳ ಚಿತ್ರ ಇಷ್ಟನ್ನು ಸೇರಿಸಿ ಯೋಜನೆಯ ಗಿಟ್‌ಹಬ್ ಪುಟದಲ್ಲಿ ವರದಿ ಮಾಡಲು ವಿದ್ಯಾರ್ಥಿಗಳಿಗೆ ಹೇಳಿರಿ. ಅದೇ ದೂರು ಈಗಾಗಲೇ ಇದ್ದರೆ ಅದರಡಿಯಲ್ಲೇ ನಿಮ್ಮ ಉದಾಹರಣೆಯನ್ನು ಸೇರಿಸಬಹುದು. ‘ತೀವ್ರತೆ’ಯ ರಕಾರದೊತ್ತು ಎಲ್ಲಿರಬೇಕೆಂದು ಕನ್ನಡ ಓದಲು ಬಾರದ ಅಭಿವೃದ್ಧಿಕಾರರಿಗೆ ನೋಡಿದೊಡನೆ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಕೋಡ್ ಬರೆಯುವುದಕ್ಕಿಂತ ಕಡಿಮೆಯ ಕೊಡುಗೆಯಲ್ಲ.

ಮರುಪ್ರಶ್ನೆ – ಭೌತಶಾಸ್ತ್ರ ಅಧ್ಯಾಪಕಿ, ಚಿಕ್ಕಬಳ್ಳಾಪುರ

ಎಸ್‌ವಿಜಿ ದಾರಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತಿವೆ. ಮಧ್ಯಾಂಕ ಕಳೆಯುವ ಕ್ರಮವನ್ನು ಎಲ್ಲ ಕಡತಗಳಿಗೂ ಅನ್ವಯಿಸಬಹುದೇ?

ಉತ್ತರ – ನಿವೃತ್ತ ಪ್ರಾಧ್ಯಾಪಕ, ಕೋಲಾರ

ಅನ್ವಯಿಸಬಾರದು. ತುಮಕೂರಿನ ಮಿತ್ರರು ಹೇಳಿದ್ದು ಕ್ಷಣಿಕ ಸ್ಫೋಟಗಳಿಗೆ ಸರಿ. ಆದರೆ ನಾಲ್ಕನೇ ಬಗೆಯ ಸ್ಫೋಟ ಹದಿನೈದು ನಿಮಿಷವನ್ನೂ ಮೀರಿ ಹಬ್ಬಿರಬಹುದು; ಆಗ ಮಧ್ಯಾಂಕವೇ ಸ್ಫೋಟದ ಮಟ್ಟವನ್ನು ಹೊತ್ತುಕೊಂಡು, ನೀವು ಹುಡುಕುತ್ತಿರುವುದನ್ನೇ ಕಳೆದುಬಿಡುತ್ತದೆ. ಅಂತಹ ಕಡೆ ಅದೇ ದಿನದ ಶಾಂತವಾದ ಬೇರೊಂದು ಕಡತದಿಂದ ಹಿನ್ನೆಲೆಯನ್ನು ಪಡೆಯಿರಿ, ಯಾವ ಕಡತ ಎಂಬುದನ್ನು ಜುಪಿಟರ್ (Jupyter) ನೋಟ್‌ಬುಕ್‌ನಲ್ಲೇ, ಅಂದರೆ ಕೋಡೂ ಅದರ ಔಟ್‌ಪುಟ್ಟೂ ಒಟ್ಟಿಗಿರುವ ಕಡತದಲ್ಲೇ, ದಾಖಲಿಸಿರಿ. ಈ ನೋಟ್‌ಬುಕ್‌ಗಳನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸುವ ಮುನ್ನ ಔಟ್‌ಪುಟ್ ಅಳಿಸುವುದು ಒಳ್ಳೆಯದು, ಇಲ್ಲವಾದರೆ ಯಾರು ಯಾವ ಸಾಲನ್ನು ತಿದ್ದಿದರೆಂದು ಗುರುತಿಸುವುದೇ ಕಷ್ಟವಾಗುತ್ತದೆ.

ಅಂತರಜಾಲದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಸಂಪರ್ಕವಿರುವ ಗಣಕದಲ್ಲಿ ‘ಪಿಪ್ ಡೌನ್‌ಲೋಡ್’ ಆದೇಶದಿಂದ ಬೇಕಾದ ಪ್ಯಾಕೇಜುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಪ್ರಯೋಗಾಲಯದಲ್ಲಿ ಸ್ಥಾಪಿಸಬಹುದು. ಎರಡೂ ಕಡೆ ಪೈಥಾನ್ ವರ್ಷನ್ ಮತ್ತು ಕಾರ್ಯಾಚರಣೆ ವ್ಯವಸ್ಥೆ ಒಂದೇ ಆಗಿರಬೇಕು.